ಕಥೆಯಲ್ಲಿ ಕೊಲೆ ಇದೆ, ಕೆಲಸ ಎಲ್ಲಿ? ನರಸಾಪುರದ ಓದುಗರೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಸಾರ್, ನಾನು ಶ್ರೀನಿವಾಸಪುರದ ಕಡೆಯವಳು. ನರಸಾಪುರ ಕೈಗಾರಿಕಾ ಪ್ರದೇಶದ ಒಂದು ಕಂಪನಿಯಲ್ಲಿ ಎರಡು ವರ್ಷದಿಂದ ಕಾಂಟ್ರಾಕ್ಟ್ ಮೇಲೆ ಕೆಲಸ ಮಾಡುತ್ತಿದ್ದೇನೆ. ಪಕ್ಕದ ಹಳ್ಳಿಯಲ್ಲಿ ನಾಲ್ಕು ಜನ ಹುಡುಗಿಯರು ಸೇರಿ ರೂಮ್ ಮಾಡಿದ್ದೇವೆ. ನಮ್ಮ ಜೀವನದ ಬಗ್ಗೆ ಮೂರು ಸಣ್ಣ ಕಥೆ ಬರೆದೆ. ಒಂದರಲ್ಲಿ ಕೊಲೆ ಇದೆ, ಒಂದರಲ್ಲಿ ಹುಡುಗಿ ನೇಣು ಹಾಕಿಕೊಳ್ಳುತ್ತಾಳೆ, ಇನ್ನೊಂದರಲ್ಲಿ ಮಾಲೀಕ ಕೆಟ್ಟವನು. ಓದಿದವರು ಸಿನಿಮಾ ತರ ಇದೆ, ನಿಜ ಅನ್ನಿಸಲ್ಲ ಅಂದರು. ನಾನು ಬರೆದದ್ದೆಲ್ಲ ಕಷ್ಟದ ವಿಷಯವೇ. ಕಥೆ ಇನ್ನೂ ರಾ ಆಗಿ ಬರಬೇಕಾದರೆ ಏನು ಮಾಡಬೇಕು? ಬೈಗುಳ ಹಾಕಬೇಕಾ? ನಮ್ಮ ಮನೆಮಾತು ತೆಲುಗು, ಅದನ್ನು ಬಿಡಬೇಕಾ? ಕಂಪನಿಯವರಿಗೆ ಗೊತ್ತಾದರೆ ಅಂತ ಭಯವೂ ಇದೆ. ನೈಟ್ ಶಿಫ್ಟ್ ಮುಗಿಸಿ ಬಂದು ಬರೆಯುತ್ತಿದ್ದೇನೆ, ತಪ್ಪಿದ್ದರೆ ಕ್ಷಮಿಸಿ. ನಿದ್ದೆ ಬರದಿರಲಿ ಅಂತ ಲೈನಿನಲ್ಲಿ ಪಕ್ಕದ ಸ್ಟೇಷನ್ ಹುಡುಗಿ ಕೊಡೋ ಹುಣಸೆಹಣ್ಣು ಚೀಪಿ ಚೀಪಿ ನಾಲಿಗೆಯೆಲ್ಲ ಒರಟಾಗಿದೆ.

ಉತ್ತರ:

ತಂಗಿ, ಮೂರೂ ಕಥೆಗಳನ್ನು ಎರಡೆರಡು ಸಲ ಓದಿದೆ. ಬರೆಯುವ ಕೈ ನಿಮಗಿದೆ, ಅದರಲ್ಲಿ ಅನುಮಾನ ಬೇಡ. ಆದರೆ ಎರಡು ವರ್ಷ ದಿನಾ ನಿಂತು ಮಾಡಿದ ಕೆಲಸ ಈ ಮೂರು ಕಥೆಗಳಲ್ಲಿ ಎಲ್ಲೂ ಕಾಣಲಿಲ್ಲ. ಕೊಲೆ ಕಾಣುತ್ತದೆ, ಹಗ್ಗ ಕಾಣುತ್ತದೆ, ಮಾಲೀಕನ ಕಪ್ಪು ಕಾರು ಕಾಣುತ್ತದೆ. ನೀವು ಲೈನಿನಲ್ಲಿ ಏನು ಜೋಡಿಸುತ್ತೀರಿ, ಯಾವ ಬೆರಳು ಮೊದಲು ನೋಯುತ್ತದೆ, ಒಂದು ಗಂಟೆಗೆ ಎಷ್ಟು ಪೀಸ್ ಕೊಡಬೇಕು, ಕೊಡದಿದ್ದರೆ ಏನಾಗುತ್ತದೆ, ಇದ್ಯಾವುದೂ ಕಥೆ ಮುಗಿದ ಮೇಲೂ ನನಗೆ ಗೊತ್ತಾಗಲಿಲ್ಲ. ಓದಿದವರು ಸಿನಿಮಾ ತರ ಅಂದದ್ದು ಇದಕ್ಕೇ.

ಮೊದಲ ಕಥೆಯ ಮೊದಲ ಸಾಲನ್ನೇ ತಗೊಳ್ಳೋಣ. "ಕಾರ್ಖಾನೆಯ ಸೈರನ್ ಕೂಗಿತು, ಬಡತನದ ಬೆಂಕಿಯಲ್ಲಿ ಬೆಂದ ಅವಳ ಕಣ್ಣಲ್ಲಿ ನೀರು ತುಂಬಿತ್ತು" ಅಂತ ಶುರು ಮಾಡಿದ್ದೀರಿ. ನಿಮ್ಮ ಕಂಪನಿಯಲ್ಲಿ ಸೈರನ್ ಇದೆಯಾ? ನನಗೆ ಗೊತ್ತಿರುವ ಕಂಪನಿಗಳಲ್ಲಿ ಕಾರ್ಡ್ ತೋರಿಸಿದರೆ, ಇಲ್ಲಾ ಮುಖ ತೋರಿಸಿದರೆ, ಟಿಕ್ ಅಂತ ಒಂದು ಸಣ್ಣ ಶಬ್ದ ಬರುತ್ತದೆ, ಗೇಟ್ ತಿರುಗುತ್ತದೆ. ಆ ಟಿಕ್ ಬರದಿದ್ದರೆ ಆ ದಿನದ ಹಾಜರಿ ಇಲ್ಲ. ಸೈರನ್ನಿಗಿಂತ ಆ ಟಿಕ್ ಎಷ್ಟೋ ಪಾಲು ಭಯದ್ದು ಅಲ್ವಾ? ಮುಂದೆ ನಿಂತವಳಿಗೆ ಬಂತು, ನನಗೆ ಬರಲಿಲ್ಲ, ಹಿಂದೆ ನಲವತ್ತು ಜನ ಕ್ಯೂನಲ್ಲಿ ಇದ್ದಾರೆ, ಸೆಕ್ಯುರಿಟಿ ಪಕ್ಕಕ್ಕೆ ನಿಲ್ಲು ಅನ್ನುತ್ತಾನೆ. ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆದರೂ ಬರೆಯಲು ಕೂತಾಗ ಹಳೇ ಸಿನಿಮಾದ ಬಟ್ಟೆ ಗಿರಣಿಯಿಂದ ಸೈರನ್ ತಂದಿರಿ. ಕಥೆ ಅಂದರೆ ಹೀಗಿರಬೇಕು ಅಂತ ಯಾರೋ ನಮ್ಮ ತಲೆಗೆ ತುಂಬಿದ್ದಾರೆ.

ನಮ್ಮ ಕೋಲಾರ ಜಿಲ್ಲೆಯಲ್ಲೇ ಎರಡು ಬೇರೆ ಬೇರೆ ಕಾಲದ ದುಡಿಮೆ ಇದೆ. ಕೆಜಿಎಫ್‌ನಲ್ಲಿ 1880ರಿಂದ ಆಚೆಗೆ ದೊಡ್ಡ ಮಟ್ಟದ ಚಿನ್ನದ ಗಣಿ ನಡೆಯಿತು, ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದರು. ಲೈನ್ ಮನೆಗಳು ಅಂದರೆ ಕಾರ್ಮಿಕರ ಸಾಲುಮನೆಗಳು, ಯೂನಿಯನ್ನು, ಅಪ್ಪನ ನಂತರ ಮಗ. 2001ರ ಫೆಬ್ರವರಿ 28ಕ್ಕೆ ಅದು ಮುಚ್ಚಿತು. ಇವತ್ತು ಮಾರಿಕುಪ್ಪಂನಿಂದ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುವವರಲ್ಲಿ ಆ ಗಣಿಯವರ ಮಕ್ಕಳು, ಮೊಮ್ಮಕ್ಕಳು ಇದ್ದಾರೆ. ನರಸಾಪುರದ್ದು ಇನ್ನೊಂದು ಕಾಲ. ಹೋಂಡಾ ಸ್ಕೂಟರ್ ಕಾರ್ಖಾನೆ ಶುರುವಾದದ್ದು 2013ರಲ್ಲಿ, ಉಳಿದ ದೊಡ್ಡವುಗಳಲ್ಲಿ ಕೆಲವು ಅದರ ಆಚೀಚೆ, ಕೆಲವು ಅದಾದ ಮೇಲೆ ಬಂದವು. ಇಲ್ಲಿ ಲೈನ್ ಮನೆ ಇಲ್ಲ, ರೂಮ್ ಇದೆ. ಮೂವತ್ತು ವರ್ಷದ ಸರ್ವಿಸ್ ಇಲ್ಲ, ಹನ್ನೊಂದು ತಿಂಗಳ ಕಾಗದ ಇದೆ. ಹಳೇ ಗಣಿಯ ದುಃಖವನ್ನು ತಂದು ನಿಮ್ಮ ಲೈನಿನ ಹುಡುಗಿಗೆ ತೊಡಿಸಿದರೆ ಅದು ಅವಳ ಅಳತೆಗೆ ಕೂರುವುದಿಲ್ಲ.

ಈಗ ನನ್ನದೇ ಒಂದು ವಿಷಯ ಹೇಳಬೇಕು.

ನಾನು ಮಾಲೂರಿನ ಕಡೆ ಒಂದು ಶೀಟ್ ಮೆಟಲ್ ಶಾಪಿನಲ್ಲಿ 11 ವರ್ಷ ಪವರ್ ಪ್ರೆಸ್ ಓಡಿಸಿದವನು. ತಗಡನ್ನು ಡೈ ಅನ್ನುವ ಅಚ್ಚಿನ ಮೇಲೆ ಇಡಬೇಕು, ಎರಡು ಕೈಯಿಂದ ಎರಡು ಗುಂಡಿ ಒಟ್ಟಿಗೆ ಒತ್ತಬೇಕು, ಆಗ ಮೇಲಿನಿಂದ ರ‍್ಯಾಮ್ ಬಂದು ಹೊಡೆಯುತ್ತದೆ. ಎರಡು ಗುಂಡಿ ಯಾಕೆ ಅಂದರೆ ಹೊಡೆಯುವಾಗ ಎರಡೂ ಕೈ ಡೈಯಿಂದ ಹೊರಗಿರಲಿ ಅಂತ. ಆದರೆ ಪ್ರತಿ ಹೊಡೆತಕ್ಕೂ ಎರಡು ಗುಂಡಿ ಒತ್ತುತ್ತಾ ಕೂತರೆ ಪಾಳಿಯ ಲೆಕ್ಕ ಮುಟ್ಟುತ್ತಿರಲಿಲ್ಲ. ಅದಕ್ಕೆ ಒಂದು ಗುಂಡಿಯನ್ನು ಒತ್ತಿ ಹಿಡಿದು ಟೇಪ್ ಸುತ್ತಿಬಿಡುತ್ತಿದ್ದೆವು. ಆಗ ಒಂದು ಕೈ ಬಿಡುವಾಗುತ್ತದೆ. ಬಿಡುವಾದ ಕೈ ಪೀಸ್ ತೆಗೆಯುತ್ತದೆ, ಹೊಸ ತಗಡು ಇಡುತ್ತದೆ, ಕೌಂಟರ್ ಓಡುತ್ತದೆ. ಸೂಪರ್‌ವೈಸರ್‌ಗೆ ಎಲ್ಲ ಗೊತ್ತು, ನೋಡದ ಹಾಗೆ ದಾಟಿ ಹೋಗುತ್ತಿದ್ದರು. ಯಾರಾದರೂ ಅಧಿಕಾರಿ ಬರುತ್ತಾರೆ ಅಂದ ದಿನ ಬೆಳಿಗ್ಗೆ ಎಲ್ಲರೂ ಟೇಪ್ ಬಿಚ್ಚುತ್ತಿದ್ದೆವು.

ಒಂದು ರಾತ್ರಿ ನನ್ನ ನಂತರದ ಪಾಳಿಯವನ ತೋರುಬೆರಳು ಹೋಯಿತು. ಎರಡು ಗೆಣ್ಣು.

ನಾನು ಇದನ್ನು ಕಥೆ ಮಾಡಲು ಕೂತೆ. ಮೊದಲ ಸಲ ಬರೆದಾಗ ಪುಟದ ತುಂಬ ರಕ್ತ. ಎರಡನೇ ಸಲ ಮಾಲೀಕನನ್ನು ರಾಕ್ಷಸ ಮಾಡಿದೆ. ಮೂರನೇ ಸಲ ಬೆರಳು ಹೋದವನ ಹೆಂಡತಿ ಅಳುವುದನ್ನೇ ಎರಡು ಪುಟ ಬರೆದೆ. ಮೂರೂ ಸುಳ್ಳಾಗಿದ್ದವು, ಯಾಕೆ ಅಂತ ಮಾತ್ರ ಗೊತ್ತಾಗುತ್ತಿರಲಿಲ್ಲ. ಗೊತ್ತಾಗಲು ಆರು ವರ್ಷ ಹಿಡಿಯಿತು. ಆ ಟೇಪ್ ಸುತ್ತಿದ್ದವನು ನಾನು. ನನ್ನ ಪಾಳಿ ಮುಗಿದಾಗ ಬಿಚ್ಚದೆ ಹೋದೆ. ಬಿಚ್ಚಿದ್ದರೂ ಅವನೇ ಬೇರೆ ಸುತ್ತಿಕೊಳ್ಳುತ್ತಿದ್ದ ಅಂತ ನನಗೆ ನಾನೇ ಎಷ್ಟು ಸಲ ಹೇಳಿಕೊಂಡಿದ್ದೇನೋ ಲೆಕ್ಕ ಇಲ್ಲ. ಮೂರೂ ಕಥೆಯಲ್ಲಿ ನಾನು ಆ ಟೇಪನ್ನೇ ಬಿಟ್ಟು ಬರೆದಿದ್ದೆ.

ನಾಲ್ಕನೇ ಸಲ ಬರೆದದ್ದರಲ್ಲಿ ರಕ್ತದ ಒಂದು ಹನಿಯೂ ಇರಲಿಲ್ಲ. ಒಬ್ಬ ಮನುಷ್ಯ ಪಾಳಿಯ ಶುರುವಿನಲ್ಲಿ ಟೇಪ್ ಎಳೆಯುತ್ತಾನೆ, ಹಲ್ಲಿನಿಂದ ಕಚ್ಚಿ ತುಂಡು ಮಾಡುತ್ತಾನೆ, ಗುಂಡಿಗೆ ಸುತ್ತುತ್ತಾನೆ. ಪಾಳಿ ಮುಗಿದಾಗ ಸೋಪಿನ ಪುಡಿಯಲ್ಲಿ ಕೈ ಉಜ್ಜಿ ತೊಳೆದು ಸೈಕಲ್ ಹತ್ತುತ್ತಾನೆ. ಗೇಟಿನಲ್ಲಿ ಎದುರು ಬಂದವನು ನಗುತ್ತಾ "ಮೆಷಿನ್ ಚೆನ್ನಾಗಿದೆಯಾ" ಅಂತ ಕೇಳುತ್ತಾನೆ. "ಚೆನ್ನಾಗಿದೆ" ಅನ್ನುತ್ತಾನೆ. ಅಷ್ಟೇ. ಪ್ರೆಸ್ ಮೇಲೆ ದುಡಿದ ಒಬ್ಬರು ಅದನ್ನು ಓದಿ ರಾತ್ರಿ ಹನ್ನೊಂದಕ್ಕೆ ನನಗೆ ಫೋನ್ ಮಾಡಿದರು. ಏನೂ ಮಾತಾಡಲಿಲ್ಲ, ತುಂಬ ಹೊತ್ತು ಸುಮ್ನೆ ಫೋನ್ ಹಿಡಿದುಕೊಂಡೇ ಇದ್ದರು.

ನೀವು ರಾ ಅನ್ನುತ್ತೀರಲ್ಲ, ನನ್ನ ಪ್ರಕಾರ ಅದು ಇರೋದು ಇಲ್ಲಿ. ಲೆಕ್ಕ ಮುಟ್ಟಿಸಲು ನಾವೇ ದಿನಾ ಮಾಡುವ ಸಣ್ಣ ಸಣ್ಣ ಕೆಲಸಗಳಲ್ಲಿ. ಕೈ ಏನು ಮಾಡುತ್ತದೆ, ಯಾಕೆ ಮಾಡುತ್ತದೆ, ಅದರ ದುಡ್ಡು ಎಷ್ಟು, ಅದನ್ನು ಯಾರು ತೆರುತ್ತಾರೆ. ಇಷ್ಟನ್ನು ನಿಯತ್ತಿನಿಂದ ಬರೆದರೆ ಕಥೆಗೆ ತೂಕ ತಾನಾಗೇ ಬರುತ್ತದೆ. ನಿಮ್ಮ ಮೂರನೇ ಕಥೆಯ ಮಾಲೀಕನನ್ನು ನೀವು ಒಂದು ಸಲವಾದರೂ ನೋಡಿದ್ದೀರಾ? ನೋಡಿರಲ್ಲ. ನೀವು ದಿನಾ ನೋಡುವುದು ಲೈನ್ ಲೀಡರನ್ನು. ಅವಳೂ ನಿಮ್ಮ ಹಾಗೇ ಕಾಂಟ್ರಾಕ್ಟ್ ಮೇಲೆ ಬಂದವಳು, ಸಾವಿರ ಎರಡು ಸಾವಿರ ಜಾಸ್ತಿ ಸಿಗುತ್ತದೆ, ಅಷ್ಟಕ್ಕೆ ಅವಳು ಗೆಳತಿಯರ ಬಾತ್‌ರೂಮಿನ ನಿಮಿಷ ಎಣಿಸಬೇಕು. ಅವಳ ಬಗ್ಗೆ ಬರೆಯಿರಿ. ಅವಳ ಕಡೆ ನಿಂತು ಬರೆಯಿರಿ.

ಬೆರಳಿನ ಮಾತು ಬಂತು, ಅದಕ್ಕೇ ಇದನ್ನೂ ಹೇಳಿಬಿಡುತ್ತೇನೆ. 1923ರ ಕಾರ್ಮಿಕರ ನಷ್ಟ ಪರಿಹಾರ ಕಾಯ್ದೆಯ ಕೊನೆಯಲ್ಲಿ ಒಂದು ಪಟ್ಟಿ ಇತ್ತು; 2025ರ ನವೆಂಬರಿನಲ್ಲಿ ಆ ಕಾಯ್ದೆಯ ಜಾಗಕ್ಕೆ ಹೊಸ ಸಂಹಿತೆ ಬಂತು. ಯಾವ ಅಂಗ ಹೋದರೆ ದುಡಿಯುವ ಶಕ್ತಿ ನೂರಕ್ಕೆ ಎಷ್ಟು ಹೋಯಿತು ಅಂತ ಆ ಪಟ್ಟಿಯಲ್ಲಿ ಬರೆದಿಟ್ಟಿದ್ದರು. ತೋರುಬೆರಳು ಪೂರ್ತಿ ಹೋದರೆ 14. ಎರಡು ಗೆಣ್ಣು ಹೋದರೆ 11. ಒಂದು ಗೆಣ್ಣು ಹೋದರೆ 9. ಮೂಳೆ ಉಳಿದು ತುದಿ ಮಾತ್ರ ಹೋದರೆ 5. ಕಿರುಬೆರಳು ಪೂರ್ತಿ ಹೋದರೂ 7. ಹೆಬ್ಬೆರಳಿಗೆ 30. ನಾನು ಇದನ್ನು ಮೊದಲ ಸಲ ಓದಿದಾಗ ನನ್ನ ಕೈಯನ್ನೇ ತಿರುಗಿಸಿ ನೋಡಿಕೊಂಡಿದ್ದೆ. ಈ ಪಟ್ಟಿಯನ್ನು ನಾನು ಇದುವರೆಗೆ ಯಾವ ಕಥೆಯಲ್ಲೂ ನೋಡಿಲ್ಲ. ಒಬ್ಬ ಹುಡುಗ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದಾನೆ, ಡಾಕ್ಟರು 9 ಬರೆಯುತ್ತಾರಾ 11 ಬರೆಯುತ್ತಾರಾ ಅಂತ ಕಾಯುತ್ತಿದ್ದಾನೆ ಅಂದುಕೊಳ್ಳಿ. ಇದರ ಮುಂದೆ ನಿಮ್ಮ ಕೊಲೆ ಕಥೆ ಏನೂ ಅಲ್ಲ ಅನ್ನಿಸುವುದಿಲ್ಲವಾ?

ದುಡ್ಡಿಗೆ ಬರೋಣ. ನಿಮ್ಮ ಮೂರು ಕಥೆಯಲ್ಲಿ "ಬಡತನ" ಅನ್ನುವ ಪದ 17 ಸಲ ಇದೆ, ಎಣಿಸಿದೆ. ಒಂದು ರೂಪಾಯಿಯ ಲೆಕ್ಕವೂ ಇಲ್ಲ. ದುಡಿಯುವವರ ಮನೆಯಲ್ಲಿ ಬಡತನ ಅನ್ನುವ ಪದವನ್ನೇ ಯಾರೂ ಆಡುವುದಿಲ್ಲ, ಅಂಕಿ ಆಡುತ್ತಾರೆ. ನಿಮ್ಮ ಪೇ ಸ್ಲಿಪ್ ತೆಗೆದು ಮುಂದಿಟ್ಟುಕೊಳ್ಳಿ. ಉದಾಹರಣೆಗೆ ಬೇಸಿಕ್ 12,000, ಒಟ್ಟು 15,000 ಅಂತ ಇಟ್ಟುಕೊಳ್ಳಿ. ಪಿಎಫ್ ನೂರಕ್ಕೆ 12, ಅಲ್ಲಿ 1,440 ಹೋಯಿತು. ಇಎಸ್‌ಐ ನೂರಕ್ಕೆ ಮುಕ್ಕಾಲು, 113 ಹೋಯಿತು. ಎಷ್ಟೋ ಕಡೆ ಬಸ್ಸು, ಕ್ಯಾಂಟೀನು ಅಂತ ಇನ್ನೊಂದಿಷ್ಟು ಹಿಡಿಯುತ್ತಾರೆ. ಉಳಿದದ್ದರಲ್ಲಿ ರೂಮಿನ ಬಾಡಿಗೆಯ ನಾಲ್ಕನೇ ಒಂದು ಪಾಲು, ಸಂಘದ ಕಂತು, ಊರಿಗೆ ಕಳಿಸೋದು. ಓಟಿ ಮಾಡಿದರೆ ಎರಡರಷ್ಟು ಕೂಲಿ ಕೊಡಬೇಕು ಅಂತ 1948ರ ಕಾರ್ಖಾನೆ ಕಾಯ್ದೆಯಿಂದಲೂ ಇದೆ. ನಿಮ್ಮ ಸ್ಲಿಪ್ಪಿನಲ್ಲಿ ಎಷ್ಟು ಬಂದಿದೆ ಅಂತ ಭಾಗಿಸಿ ನೋಡಿ. ಆ ಭಾಗಾಕಾರವೇ ಒಂದು ದೃಶ್ಯ ಆಗಬಹುದು. ನಾಲ್ಕು ಹುಡುಗಿಯರು ಚಾಪೆ ಮೇಲೆ ಕೂತು ಒಂದೇ ಮೊಬೈಲಿನಲ್ಲಿ ಲೆಕ್ಕ ಹಾಕುತ್ತಿದ್ದಾರೆ, ಒಬ್ಬಳದು ಮಾತ್ರ ತಾಳೆ ಆಗುತ್ತಿಲ್ಲ.

ಪಿಎಫ್ ಒಣ ವಿಷಯ, ಅದು ಕಥೆಗೆ ಬೇಡ ಅಂದುಕೊಳ್ಳಬೇಡಿ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಾರು ಜನ ಹೊಸೂರು ರಸ್ತೆಗೆ ಇಳಿದದ್ದು ಇದೇ ಪಿಎಫ್‌ಗೆ. ಪೂರ್ತಿ ದುಡ್ಡು ತೆಗೆಯಲು 58 ವರ್ಷ ಆಗಬೇಕು ಅಂತ ಕೇಂದ್ರ ಸರ್ಕಾರ ನಿಯಮ ತಂದಿತ್ತು. ಎರಡೇ ದಿನದಲ್ಲಿ ವಾಪಸ್ ತಗೊಳ್ಳಬೇಕಾಯಿತು. ಆ ದುಡ್ಡು ಅವರಿಗೆ ಮಗಳ ಫೀಸು, ಅಮ್ಮನ ಆಪರೇಷನ್ನು, ಸಾಲದ ಬಡ್ಡಿ. ನಿಮ್ಮ ಕಡೆಯೂ ನೋಡಿ, ಕಾಂಟ್ರಾಕ್ಟರ್ ಬದಲಾದಾಗ ಎರಡೆರಡು ಪಿಎಫ್ ಖಾತೆ ಆಗಿರುತ್ತದೆ, ಆಧಾರಿನಲ್ಲಿ ಹೆಸರು ಒಂದು ತರ, ಪಿಎಫ್‌ನಲ್ಲಿ ಇನ್ನೊಂದು ತರ. ಒಂದು ಇನಿಶಿಯಲ್ ತಪ್ಪಿದ್ದಕ್ಕೆ ಮೂರು ವರ್ಷದ ದುಡ್ಡು ನಿಂತುಹೋದವರು ನನಗೇ ಗೊತ್ತು. ಸೈಬರ್ ಸೆಂಟರಿನಲ್ಲಿ ಕೂತು, ತೀರಿಹೋದ ಅಪ್ಪನ ಹೆಸರನ್ನು ಇಂಗ್ಲಿಷಿನಲ್ಲಿ ಹೇಗೆ ಬರೆಯುತ್ತಿದ್ದರು ಅಂತ ನೆನಪು ಮಾಡಿಕೊಳ್ಳುವ ಹುಡುಗಿ. ಅವಳ ಕಥೆ ಯಾರು ಬರೆಯುತ್ತಾರೆ, ನೀವು ಬರೆಯದಿದ್ದರೆ?

ನರಸಾಪುರ ಅಂದ ತಕ್ಷಣ ಎಲ್ಲರಿಗೂ 2020ರ ಡಿಸೆಂಬರ್ 12 ನೆನಪಾಗುತ್ತದೆ. ಐಫೋನ್ ಜೋಡಿಸುವ ಕಾರ್ಖಾನೆಯಲ್ಲಿ ಬೆಳಗಿನ ಹೊತ್ತು ಗಲಾಟೆ ಆಯಿತು, ಗಾಜು ಒಡೆದವು, ಸಾಮಾನು ಹಾಳಾದವು. ಟಿವಿಯವರು ಒಡೆದ ಗಾಜನ್ನೇ ದಿನವಿಡೀ ತೋರಿಸಿದರು. ಅದಕ್ಕೆ ಮುಂಚೆ ಪಾಳಿ ಎಂಟು ಗಂಟೆಯಿಂದ ಹನ್ನೆರಡು ಗಂಟೆಗೆ ಬದಲಾಗಿತ್ತು, ಹಾಜರಿ ಲೆಕ್ಕ ಸರಿ ಬರುತ್ತಿರಲಿಲ್ಲ, ಸಂಬಳ ಕಮ್ಮಿ ಬರುತ್ತಿದೆ, ತಡವಾಗುತ್ತಿದೆ ಅಂತ ಕಾಂಟ್ರಾಕ್ಟ್ ಹುಡುಗರು ಕೇಳುತ್ತಲೇ ಇದ್ದರು. ಆಮೇಲೆ ಕಾರ್ಖಾನೆ ಇಲಾಖೆಯವರೂ ಸಂಬಳ ಮತ್ತು ಹಾಜರಿಯಲ್ಲಿ ಲೋಪ ಇದ್ದದ್ದನ್ನು ಗುರುತಿಸಿದರು. ಆ ದಿನದ ಬಗ್ಗೆ ಕಥೆ ಬರೆಯುವ ಆಸೆ ಇದ್ದರೆ ಗಾಜಿನಿಂದ ಶುರು ಮಾಡಬೇಡಿ. ಹಿಂದಿನ ರಾತ್ರಿ ಬಸ್ಸಿನಲ್ಲಿ ಬ್ಯಾಂಕಿನ ಮೆಸೇಜ್ ಬರುತ್ತದೆ, ಒಬ್ಬ ಹುಡುಗ ನೋಡುತ್ತಾನೆ, ಸೊನ್ನೆ ಒಂದು ಕಮ್ಮಿ ಓದಿದೆನಾ ಅಂತ ಮತ್ತೆ ನೋಡುತ್ತಾನೆ, ಪಕ್ಕದವನಿಗೆ ತೋರಿಸಲು ನಾಚಿಕೆ ಆಗುತ್ತದೆ, ಅಷ್ಟರಲ್ಲಿ ಪಕ್ಕದವನ ಮೊಬೈಲೂ ಸದ್ದು ಮಾಡುತ್ತದೆ. ಅಲ್ಲಿಂದ ಶುರು ಮಾಡಿ. ಗಲಾಟೆಯ ತನಕ ಹೋಗದಿದ್ದರೂ ಪರವಾಗಿಲ್ಲ.

ಇನ್ನೊಂದು ಮಾತು, ಇದು ನಮ್ಮ ಕೋಲಾರಕ್ಕೇ ಸೇರಿದ್ದು. ಕಾರ್ಮಿಕ ಅಂದರೆ ನಿಮ್ಮ ಕಥೆಗಳಲ್ಲಿ ಕಾರ್ಖಾನೆ ಬಿಟ್ಟರೆ ಏನೂ ಇಲ್ಲದವನು. ನಮ್ಮ ಜನ ಹಾಗಿಲ್ಲ. ಒಂದು ಕಾಲು ಇನ್ನೂ ಹೊಲದಲ್ಲಿದೆ. ಬೆಳಗಿನ ಜಾವ ಹಾಲು ಕರೆದು ಬಸ್ಸು ಹತ್ತುವವರಿದ್ದಾರೆ. ಸಾವಿರದ ಇನ್ನೂರು, ಸಾವಿರದ ಐನೂರು ಅಡಿ ಬೋರ್ ಕೊರೆಸಿ ನೀರು ಬರದೆ, ಆ ಸಾಲ ತೀರಿಸಲು ಮಗನನ್ನು ಕಂಪನಿಗೆ ಕಳಿಸಿದ ಮನೆಗಳಿವೆ. ಟೊಮೇಟೊ ಇದೆ. 2023ರ ಜುಲೈನಲ್ಲಿ ಕೋಲಾರದ ಮಂಡಿಯಲ್ಲಿ 15 ಕಿಲೋ ಬಾಕ್ಸ್ 2,000 ರೂಪಾಯಿ ದಾಟಿತು, ನೆನಪಿದೆಯಲ್ಲ. ಅದೇ ಟೊಮೇಟೊವನ್ನು ಬೇರೆ ವರ್ಷಗಳಲ್ಲಿ ಕೂಲಿಯೂ ಗಿಟ್ಟದೆ ರಸ್ತೆ ಬದಿಗೆ ಸುರಿದು ಹೋಗಿದ್ದಾರೆ. ಆ ಜುಲೈನಲ್ಲಿ ಅಪ್ಪನ ತೋಟದಲ್ಲಿ ಅರ್ಧ ಎಕರೆ ಕಾಯಿ ನಿಂತಿದೆ, ರಾತ್ರಿ ಕಳ್ಳರ ಕಾವಲಿಗೆ ಮಗ ಬೇಕು, ಮಗನಿಗೆ ಸಿ ಶಿಫ್ಟ್, ಅಂದರೆ ರಾತ್ರಿ ಪಾಳಿ. ರಜೆ ಹಾಕಿದರೆ ಹಾಜರಿ ಬೋನಸ್ ಹೋಗುತ್ತದೆ, ಕೆಲಸವೂ ಹೋಗಬಹುದು. ಹಾಕದಿದ್ದರೆ ಹತ್ತು ವರ್ಷಕ್ಕೊಮ್ಮೆ ಬರುವ ದುಡ್ಡು ಹೋಗಬಹುದು. ಅಪ್ಪ ಮಗ ಇಬ್ಬರೂ ಒಳ್ಳೆಯವರೇ. ಇಂಥ ಕಡೆ ವಿಲನ್ ಬೇಕೇ ಬೇಕಾಗಿಲ್ಲ.

ನಿಮ್ಮ ಆ ಸೈರನ್ ಸಾಲಿನ ಬದಲು ನಾನು ಬರೆದರೆ ಹೀಗೆ ಬರೆಯುತ್ತಿದ್ದೆನೇನೋ: "ಐದು ಗಂಟೆ ಬಸ್ಸಿಗೆ ನಾಲ್ಕೂ ಮುಕ್ಕಾಲಿಗೇ ಬೇಕರಿ ಮುಂದೆ ನಿಲ್ಲಬೇಕು. ಅವಳು ಬಂದಾಗ ಬೇಕರಿಯವನು ಇನ್ನೂ ಶಟರ್ ಎತ್ತಿರಲಿಲ್ಲ. ಕೈ ಮೂಸಿ ನೋಡಿಕೊಂಡಳು. ಎರಡು ಸಲ ಸೋಪು ಹಾಕಿದರೂ ಕೆಚ್ಚಲಿನ ವಾಸನೆ ಹೋಗಿರಲಿಲ್ಲ. ಇನ್ನೊಂದು ಗಂಟೆಯಲ್ಲಿ ಈ ಕೈಗೆ ಬಿಳಿ ಗ್ಲೌಸ್ ಹಾಕಬೇಕು." ಇದು ದೊಡ್ಡ ಬರವಣಿಗೆ ಅಂತ ಹೇಳುತ್ತಿಲ್ಲ. ಆದರೆ ಇದನ್ನು ಓದಿದವರು ಅವಳು ಬಡವಳಾ ಅಂತ ಕೇಳುವುದಿಲ್ಲ, ಮುಂದೆ ಏನಾಯಿತು ಅಂತ ಕೇಳುತ್ತಾರೆ. ನಿಮ್ಮ ಬಸ್ಸಿನಲ್ಲೇ ಇಂಥ ಹುಡುಗಿ ಇರುತ್ತಾಳೆ, ನೋಡಿ.

ಬೈಗುಳ ಹಾಕಬೇಕಾ ಅಂತ ಕೇಳಿದ್ದೀರಿ. ಎರಡನೇ ಕಥೆಯಲ್ಲಿ ಸೂಪರ್‌ವೈಸರ್ ಪ್ರತಿ ಮಾತಿಗೂ ಅಮ್ಮ ಅಕ್ಕ ಎತ್ತುತ್ತಾನೆ. ಸಣ್ಣ ಶಾಪುಗಳಲ್ಲಿ ಅದು ನಡೆಯುತ್ತದೆ, ನಾನೂ ತಿಂದಿದ್ದೇನೆ. ದೊಡ್ಡ ಕಂಪನಿಗಳಲ್ಲಿ ಕ್ಯಾಮೆರಾ ಇರುತ್ತದೆ, ಅಲ್ಲಿ ಬೈಯುವ ರೀತಿ ಬೇರೆ. "ಇಷ್ಟ ಇಲ್ಲದಿದ್ದರೆ ಹೇಳಮ್ಮ, ಹೊರಗೆ ತುಂಬ ಜನ ಕಾಯ್ತಾ ಇದ್ದಾರೆ" ಅನ್ನುತ್ತಾರೆ, ಮೆಲ್ಲಗೆ, ಅಮ್ಮ ಅಂತ ಸೇರಿಸಿಯೇ ಅನ್ನುತ್ತಾರೆ. ಆ ಮಾತು ಕೇಳಿ ಕ್ಯಾಂಟೀನಿನಲ್ಲಿ ಊಟ ಇಳಿಯದವರನ್ನು ನೀವೂ ನೋಡಿರುತ್ತೀರಿ. ಬಾಯಿಗೆ ಬಂದ ಬೈಗುಳ ಬರೆಯಬೇಡಿ ಅಂತಿಲ್ಲ, ಯಾರು ಯಾವಾಗ ಬೈಯುತ್ತಾರೋ ಅಲ್ಲಿ ಹಾಕಿ. ಆದರೆ ಜಾತಿ ಹಿಡಿದು ಬೈಯುವ ಮಾತನ್ನು ಕಥೆಗೆ ಖಾರ ಬರಲಿ ಅಂತ ಮಾತ್ರ ಹಾಕಬೇಡಿ. ಹಾಕಿದರೆ ಅದನ್ನು ಕೇಳಿಸಿಕೊಂಡವರ ಜೊತೆ ಕಥೆ ಕೊನೆ ತನಕ ನಿಲ್ಲಬೇಕು. 2011ರ ಜನಗಣತಿಯಂತೆ ನಮ್ಮ ಜಿಲ್ಲೆಯಲ್ಲಿ ನೂರಕ್ಕೆ ಸುಮಾರು 30 ಜನ ಪರಿಶಿಷ್ಟ ಜಾತಿಯವರು, ರಾಜ್ಯದಲ್ಲೇ ಜಾಸ್ತಿ. ಲೈನಿನಲ್ಲಿ ಎಲ್ಲರಿಗೂ ಒಂದೇ ಬಣ್ಣದ ಕೋಟು, ಒಂದೇ ಟೋಪಿ. ಸಂಜೆ ಹಳ್ಳಿಯಲ್ಲಿ ರೂಮ್ ಕೇಳಲು ಹೋದರೆ ಓನರಮ್ಮ ಬಾಡಿಗೆ ಹೇಳುವ ಮುಂಚೆ "ನೀವು ಯಾವ ಜನ" ಅಂತ ಕೇಳುತ್ತಾರೆ. ನಾಲ್ಕು ಜನ ಹುಡುಗಿಯರು ಒಟ್ಟಿಗೆ ಹೋಗಿ ಕೇಳಿದಾಗ ಯಾರು ಉತ್ತರ ಹೇಳುತ್ತಾರೆ, ಯಾರು ಚಪ್ಪಲಿ ನೋಡುತ್ತಾ ನಿಲ್ಲುತ್ತಾರೆ? ನಿಮ್ಮ ರೂಮ್ ಸಿಕ್ಕಿದ ದಿನ ಏನಾಯಿತು ಅಂತ ನನಗೆ ಗೊತ್ತಿಲ್ಲ, ನಿಮಗೆ ಗೊತ್ತು.

ತೆಲುಗು ಬಿಡಬೇಡಿ. ದಯವಿಟ್ಟು ಬಿಡಬೇಡಿ. ನಿಮ್ಮ ಕಥೆಯ ಅಮ್ಮ ಫೋನಿನಲ್ಲಿ "ಮಗಳೇ, ಊಟ ಮಾಡಿದೆಯಾ" ಅನ್ನುತ್ತಾಳೆ. ಶ್ರೀನಿವಾಸಪುರದ ನಿಮ್ಮ ಅಮ್ಮ ಹಾಗೆ ಅನ್ನುತ್ತಾರಾ? "ಅನ್ನಂ ತಿಂಟಿವಾ" ಅನ್ನುತ್ತಾರೆ. ಹಾಗೇ ಬರೆಯಿರಿ. ಪಕ್ಕದಲ್ಲಿ ಅರ್ಥ ಕೊಡಬೇಡಿ. ಅಮ್ಮ ಫೋನ್ ಮಾಡಿದಾಗ ಮೊದಲು ಏನು ಕೇಳುತ್ತಾರೆ ಅಂತ ಧಾರವಾಡದವರಿಗೂ ಗೊತ್ತು, ಮಂಗಳೂರಿನವರಿಗೂ ಗೊತ್ತು. ಮನೆಗೆ ತೆಲುಗು, ರೂಮಿನಲ್ಲಿ ಕನ್ನಡ, ಬೇರೆ ರಾಜ್ಯದ ಹುಡುಗಿ ಪಕ್ಕಕ್ಕೆ ಬಂದರೆ ಮುರುಕು ಹಿಂದಿ, ಟ್ರೈನಿಂಗಿನಲ್ಲಿ ಇಂಗ್ಲಿಷು. ಒಂದೇ ದಿನದಲ್ಲಿ ನಾಲ್ಕು ಭಾಷೆ ದಾಟುವವಳು ಯಾವ ಭಾಷೆಯಲ್ಲಿ ಸುಮ್ಮನಾಗುತ್ತಾಳೆ ಅನ್ನುವುದನ್ನು ಗಮನಿಸಿ. ಲೈನಿನ ಮಾತನ್ನೂ ಬಿಡಬೇಡಿ. ಟಾರ್ಗೆಟ್, ರಿಲೀವರ್, ಎನ್‌ಜಿ ಪೀಸ್, ಬ್ರೇಕ್, ಇವಕ್ಕೆ ನಿಘಂಟಿನ ಪದ ಹುಡುಕಿದರೆ ಕಥೆ ಅಲ್ಲೇ ಸಾಯುತ್ತದೆ.

ನೇಣಿನ ಕಥೆ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಆ ಹುಡುಗಿಗೆ ಕೆಲಸ ಹೋಯಿತು, ಸತ್ತಳು, ಮುಗಿಯಿತು ಅಂತ ಬರೆದಿದ್ದೀರಿ. ಕೆಲಸ ಹೋದ ಹುಡುಗಿಯರು ಏನು ಮಾಡುತ್ತಾರೆ ಅಂತ ನಿಮಗೆ ಗೊತ್ತು. ಮರುದಿನ ಬೆಳಿಗ್ಗೆ ಅದೇ ಹೊತ್ತಿಗೆ ಎದ್ದು, ಅದೇ ಬ್ಯಾಗು ಹಿಡಿದು, ಇನ್ನೊಬ್ಬ ಕಾಂಟ್ರಾಕ್ಟರ್ ಆಫೀಸಿನ ಮುಂದೆ ನಿಲ್ಲುತ್ತಾರೆ. ಮನೆಗೆ ತಿಂಗಳುಗಟ್ಟಲೆ ಹೇಳುವುದಿಲ್ಲ. ಸಂಬಳದ ದಿನ ಗೆಳತಿಯ ಹತ್ತಿರ ಸಾಲ ತಗೊಂಡು ಊರಿಗೆ ದುಡ್ಡು ಹಾಕುತ್ತಾರೆ. ಬದುಕಿ ಉಳಿಯಲು ಅವಳು ಎಷ್ಟು ಕಷ್ಟಪಡುತ್ತಾಳೋ ಅದೆಲ್ಲವನ್ನೂ ನೀವು ಒಂದು ಹಗ್ಗದಲ್ಲಿ ಮುಗಿಸಿಬಿಟ್ಟಿರಿ. ಅವಳನ್ನು ಸಾಯಿಸಬೇಡಿ, ಆ ತಿಂಗಳ ಕೊನೆ ತನಕ ಅವಳ ಹಿಂದೆ ಹೋಗಿ.

ಬರೆಯುವ ರೀತಿ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ. ಒಂದು ಕಥೆಗೆ ಒಂದು ಪಾಳಿ ಸಾಕು. ಗೇಟಿನ ಒಳಗೆ ಹೋಗುವುದರಿಂದ ಹೊರಗೆ ಬರುವ ತನಕ, ಅಥವಾ ಹೊರಗೆ ಬಂದದ್ದರಿಂದ ನಿದ್ದೆ ಹತ್ತುವ ತನಕ. ಐದಾರು ಪುಟಕ್ಕೆ ಮೂರು ಜನರಿಗಿಂತ ಜಾಸ್ತಿ ಬೇಡ. ಮೊಬೈಲ್ ಒಳಗೆ ಬಿಡುವುದಿಲ್ಲ ಅಂದರೆ ಒಂದು ದಿನಕ್ಕೆ ಒಂದೇ ವಿಷಯ ನೆನಪಿಟ್ಟುಕೊಂಡು ಬನ್ನಿ, ರೂಮಿಗೆ ಬಂದ ತಕ್ಷಣ ಬರೆದಿಡಿ: ಇವತ್ತು ಕೈ ಏನು ಮುಟ್ಟಿತು, ಇವತ್ತು ಯಾರ ಮುಖ ಬದಲಾಯಿತು. ಬರೆದದ್ದನ್ನು ಗಟ್ಟಿಯಾಗಿ ಓದಿ, ರೂಮಿನ ಮೂರು ಜನಕ್ಕೆ ಓದಿ ಹೇಳಿ. ಅವರಿಗಿಂತ ಒಳ್ಳೆಯ ಸಂಪಾದಕರು ನಿಮಗೆ ಸಿಗುವುದಿಲ್ಲ. "ಹಾಗೆಲ್ಲ ಮಾಡಲ್ಲ ಕಣೇ" ಅಂತ ಅವರು ನಕ್ಕ ಜಾಗವನ್ನು ಹೊಡೆದು ಹಾಕಿ. ಓದುತ್ತಿರುವಾಗ ಮಾತು ನಿಲ್ಲಿಸಿ ಸುಮ್ಮನಾದರೆ ಆ ಜಾಗವನ್ನು ಮುಟ್ಟಬೇಡಿ. ಧೈರ್ಯ ಬಂದ ಮೇಲೆ ಕೋಲಾರದ ತೇರಹಳ್ಳಿ ಬೆಟ್ಟದ ಆದಿಮ ಸಾಂಸ್ಕೃತಿಕ ಕೇಂದ್ರದ ಕಡೆ ಒಂದು ಹುಣ್ಣಿಮೆ ಹೋಗಿ ಬನ್ನಿ. ಹಾಡು, ನಾಟಕ, ಮಾತು ಕೇಳಲು ಜನ ನೆಲದ ಮೇಲೆ ಕೂರುವ ಜಾಗ ಅದು.

ಭಯದ ವಿಷಯ. ನಿಮ್ಮ ಭಯ ಸರಿಯಾದದ್ದೇ, ಅದನ್ನು ಯಾರೂ ಹಗುರ ಮಾಡಬಾರದು. ಸೇರುವಾಗ ಸಹಿ ಹಾಕಿದ ಕಾಗದದಲ್ಲಿ ಗುಟ್ಟು ಕಾಯುವ ಷರತ್ತು ಇದ್ದಿರಬಹುದು, ಒಂದು ಸಲ ತೆಗೆದು ಓದಿ. ಕಂಪನಿ ಹೆಸರು ಬೇಡ, ಅಲ್ಲಿ ತಯಾರಾಗುವ ಸಾಮಾನೂ ಬೇರೆ ಮಾಡಿ. ನೀವು ಚಾರ್ಜರ್ ಜೋಡಿಸುತ್ತಿದ್ದರೆ ಕಥೆಯಲ್ಲಿ ಸ್ವಿಚ್ ಆಗಲಿ, ಬೆರಳಿನ ನೋವು ಅದೇ ಇರುತ್ತದೆ. ಒಳಗಿನ ಫೋಟೋ, ಮೆಷಿನ್ ಹೆಸರು, ಮಾಡೆಲ್ ನಂಬರ್ ಯಾವುದೂ ಬೇಡ. ಬೇರೆ ಹೆಸರಿನಲ್ಲಿ ಬರೆಯಿರಿ, ಅದರಲ್ಲಿ ತಪ್ಪೇನಿಲ್ಲ. ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಗೆಳತಿ ನಿಮ್ಮನ್ನು ನಂಬಿ ಹೇಳಿದ ಗುಟ್ಟನ್ನು ಅವಳನ್ನು ಕೇಳದೆ ಬರೆಯಬೇಡಿ. ಹೆಸರು ಬದಲಿಸಿದರೂ ರೂಮಿನವರಿಗೆ ಗೊತ್ತಾಗುತ್ತದೆ. ನಾನು ಟೇಪಿನ ಕಥೆ ಅಚ್ಚಿಗೆ ಕಳಿಸುವ ಮುಂಚೆ ಆ ಬೆರಳು ಹೋದವನ ಮನೆಗೆ ಹೋಗಿದ್ದೆ. ಓದಿ ಹೇಳಿದೆ. ಅವನು ಸ್ವಲ್ಪ ಹೊತ್ತು ಬಿಟ್ಟು, ಟೀ ಕುಡೀರಿ ತಣ್ಣಗಾಗುತ್ತೆ ಅಂದ. ಬರೆಯಿರಿ ಅಂತಲೂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಎರಡು ತಿಂಗಳ ನಂತರ ಅವನೇ ಫೋನ್ ಮಾಡಿ, "ಆ ಕಥೆ ಬಂತಾ" ಅಂತ ಕೇಳಿದ. ಆಮೇಲೆ ಕಳಿಸಿದೆ.

ನಾಲ್ಕನೇ ಕಥೆಗೆ ವಿಷಯ ಏನು ಅಂತ ನೀವು ಕೇಳಿಲ್ಲ, ಆದರೆ ಅದನ್ನು ನಿಮ್ಮ ಪತ್ರದ ಕೊನೆಯ ಸಾಲಿನಲ್ಲಿ ನೀವೇ ಬರೆದಿದ್ದೀರಿ. ರಾತ್ರಿ ಪಾಳಿಯಲ್ಲಿ ಪಕ್ಕದ ಸ್ಟೇಷನ್ ಹುಡುಗಿ ಹುಣಸೆಹಣ್ಣು ಕೊಡುತ್ತಾಳೆ. ನಿಮ್ಮಂಥ ಲೈನಿನ ಒಳಗೆ ತಿನ್ನುವ ಸಾಮಾನು ಬಿಡುವುದಿಲ್ಲ ಅಲ್ವಾ? ಹಾಗಾದರೆ ಅವಳು ಗೇಟಿನ ಚೆಕಿಂಗ್‌ನಲ್ಲಿ ಅದನ್ನು ಎಲ್ಲಿ ಬಚ್ಚಿಡುತ್ತಾಳೆ? ಯಾರ ಮರದ್ದು ಅದು, ಊರಿಂದ ಯಾರು ಬಿಡಿಸಿ, ಬೀಜ ತೆಗೆದು, ಉಪ್ಪು ಹಾಕಿ ಕಳಿಸುತ್ತಾರೆ? ಗ್ಲೌಸ್ ಹಾಕಿದ ಕೈಯಿಂದ ಕೈಗೆ, ಕ್ಯಾಮೆರಾ ಕೆಳಗೆ, ಅದು ಹೇಗೆ ದಾಟುತ್ತದೆ? ಮೂರೂವರೆ ಗಂಟೆಗೆ ಎಲ್ಲರ ಕಣ್ಣು ಎಳೆಯುವಾಗ ಅವಳ ಹತ್ತಿರ ಒಂದೇ ಉಂಡೆ ಉಳಿದಿದ್ದರೆ ಯಾರಿಗೆ ಕೊಡುತ್ತಾಳೆ? ಸಿಕ್ಕಿಬಿದ್ದರೆ ನೀವು ಅವಳ ಹೆಸರು ಹೇಳುತ್ತೀರಾ?

ಇದನ್ನು ಬರೆದು ಕಳಿಸಿ. ಮೊದಲು ನಿದ್ದೆ ಮಾಡಿ, ಆಮೇಲೆ ಬರೆಯಿರಿ.